ಗೋಪಿನಾಥಂ ಹೊಳೆಗೆ ಹೊತ್ತುಕೊಂಡು ಹೋದ ಮಳೆಕೋಟುಗಳು

ಯಳಂದೂರು

ಹೊರದೇಶಕ್ಕೆ ಹೋಗಿ ಬಂದವರು ಹಡಗಿನ ವಿಷಯದಿಂದ ಶುರುಮಾಡುತ್ತಾರೆ. ನಾನು ಎತ್ತಿನ ಗಾಡಿಯಿಂದ ಶುರುಮಾಡಬೇಕು. ನಮ್ಮ ಯಳಂದೂರು ಮೈಸೂರು ಮಹಾರಾಜರ ಸೀಮೆ. ಪಕ್ಕದ ಕೊಳ್ಳೇಗಾಲ ಮದರಾಸು ಸರ್ಕಾರದ್ದು, ಅದರ ಜಿಲ್ಲಾ ಕಚೇರಿ ಎಲ್ಲೋ ದೂರದ ಕೋಯಮತ್ತೂರಿನಲ್ಲಿ. ಬೆಳಿಗ್ಗೆ ಎತ್ತು ಕಟ್ಟಿದರೆ ಊಟದ ಹೊತ್ತಿಗೆ ಇನ್ನೊಂದು ಸರ್ಕಾರದ ನೆಲದ ಮೇಲಿರುತ್ತೇವೆ. ಗದ್ದೆ ಅದೇ ಗದ್ದೆ, ಮಾತು ಅದೇ ಮಾತು. ಆದರೆ ಅಲ್ಲಿ ಕಚೇರಿಯ ತಮಿಳು ಹಲಗೆ ಓದಲು ನನಗೆ ಬರುವುದಿಲ್ಲ, ಪೊಲೀಸಿನವನನ್ನು ಕಂಡರೆ ಕೈ ಮುಗಿಯಬೇಕೋ ಬೇಡವೋ ತಿಳಿಯುವುದಿಲ್ಲ.

ರೇಷ್ಮೆ ಸೀರೆ ತರಲು ಕೊಳ್ಳೇಗಾಲಕ್ಕೆ ಹೋಗಿ ಸಂಜೆಗೆ ಮನೆ ಸೇರುತ್ತಿದ್ದವನು ನಾನು. ಅದರಾಚೆಗೆ ಹೆಜ್ಜೆ ಇಟ್ಟವನಲ್ಲ. ಈ ಸಲ ಹನೂರು ದಾಟಿ, ಕಾಡು ದಾಟಿ, ಕಾವೇರಿಯ ದಡದ ಗೋಪಿನಾಥಂವರೆಗೆ ಹೋಗಿಬಂದೆ, ಅದೂ ಮೀನು ಹಿಡಿಯುವವರ ಕೆಲಸಕ್ಕೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಸಂತೆಯಲ್ಲಿ ಮೀನಿನ ಸಾಲು ಬಂದಾಗ ಮೂಗಿಗೆ ವಲ್ಲಿ ಹಿಡಿದು ದಾಟಿದ್ದಷ್ಟೇ ನನಗೂ ಮೀನಿಗೂ ಇದ್ದ ಸಂಬಂಧ.

ಇದಕ್ಕೆಲ್ಲ ಕಾರಣ ಹನೂರಿನ ಪೆರುಮಾಳ್ ಶೆಟ್ಟರು. ಅವರ ಹೆಂಡತಿ ಪುಟ್ಟತಾಯಕ್ಕ ನಮ್ಮ ಬೀದಿಯ ಹೆಣ್ಣುಮಗಳು. ಶೆಟ್ಟರು ಗೋಪಿನಾಥಂ ಹತ್ತಿರ ಹೊಳೆಯ ಮೀನಿನ ಗುತ್ತಿಗೆ ಹಿಡಿದಿದ್ದರು. ಅಲ್ಲಿನವರು ಹಿಡಿದು ಒಣಗಿಸಿದ್ದನ್ನು ಇವರು ಸಂತೆಗಳಿಗೆ ಸಾಗಿಸುತ್ತಿದ್ದರು. ಹೋದ ಹಿಂಗಾರು ಮಳೆಯಲ್ಲಿ ಕಾಳಿಯಪ್ಪ ಎಂಬ ಮೀನುಗಾರ ದಿನವಿಡೀ ಹೊಳೆಯ ಮೇಲೆ ನೆನೆದು, ಎದೆಗೆ ಶೀತ ಇಳಿದು, ಜ್ವರದಲ್ಲಿ ತೀರಿಕೊಂಡ. ಅವನ ಹೆಂಡತಿ ಚಿನ್ನತಾಯಿ ಈಗ ತಾನೇ ಹರಿಗೋಲು ಹಾಕುತ್ತಾಳಂತೆ. ಈ ವರ್ಷ ಮಳೆ ಶುರುವಾಗುವ ಮೊದಲೇ ಅವಳು ಹೇಳಿಬಿಟ್ಟಿದ್ದಳು: ಮೈ ನೆನೆಯದಂಥ ಹೊದಿಕೆ ಕೊಡುವ ತನಕ ಯಾರೂ ಹೊಳೆಗೆ ಇಳಿಯುವುದಿಲ್ಲ. ಉಳಿದವರೂ ಅವಳ ಮಾತಿಗೆ ನಿಂತರು.

ಶೆಟ್ಟರು ನಮ್ಮ ಬಟ್ಟೆ ಅಂಗಡಿಗೆ ಬಂದು ಕೂತರು. "ಶಿವಪ್ನೋರೆ, ಬಟ್ಟೆ ಇಸ್ಯ ನಿಮಗೆ ಗೊತ್ತು. ಮಳ ತಡೀಬೇಕು, ಬಾಳಿಕೆ ಬರಬೇಕು. ಎಲ್ರಿಗೂ ಆಗೋವಷ್ಟು ಆರಿಸ್ಕಂಡು ನೀವೇ ಬಂದು ಕೊಡಿ. ನಾನು ಕೊಟ್ರೆ ಆ ಎಂಗ್ಸು ನಂಬಾಕಿಲ್ಲ."

ನನಗೆ ಗೊತ್ತಿದ್ದುದು ಪಂಚೆ, ಸೀರೆ, ಕಣದ ಬಟ್ಟೆ. ಮಳೆಯ ಬಟ್ಟೆ ಎಂದರೆ ಏನೆಂದು ಗಲ್ಲಾದ ಮುಂದೆ ಕೂತಿದ್ದ ಅಣ್ಣನ ಮುಖ ನೋಡಿದೆ. ಅಣ್ಣ ನಕ್ಕ. "ಓಗಿದ್ದು ಬಾರೋ. ನಿನ್ನೇನು ಮೀನು ತಿನ್ನು ಅಂದ್ರಾ?"

ಕೊಳ್ಳೇಗಾಲ

ಮಹಾಯುದ್ಧ ಮುಗಿದು ಬಹಳ ದಿನವಾಗಿರಲಿಲ್ಲ. ಪಟ್ಟಾಳದಲ್ಲಿ ಮಿಕ್ಕ ಸಾಮಾನೆಲ್ಲ ಪೇಟೆಗಳಿಗೆ ಬಂದು ಬಿದ್ದಿತ್ತು: ಬೂಟು, ತಟ್ಟೆ, ಗುಡಾರದ ಬಟ್ಟೆ, ರಬ್ಬರು ಬಳಿದ ಮಳೆಕೋಟು. ನಾನು ಮೊದಲು ಹೊಕ್ಕ ಅಂಗಡಿಯಲ್ಲಿ ಮೇಣದ ಬಟ್ಟೆ ತೋರಿಸಿದರು. ಮೇಲೆ ನೀರು ಸುರಿದರೆ ಮುತ್ತಿನ ಹಾಗೆ ಉರುಳಿ ಹೋಯಿತು. ಸಂತೋಷದಿಂದ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡೆ. ಮತ್ತೆ ಬಿಡಿಸಿದರೆ ಮಡಿಕೆ ಇದ್ದಲ್ಲೆಲ್ಲ ಬಿರುಕು.

"ಮಡಚಬಾರದು" ಎಂದ ಅಂಗಡಿಯವನು.

"ಮಡಚದೆ ಎಂಗಪ್ಪಾ ಇಟ್ಕಳಾದು?"

"ತೂಗಾಕಬೇಕು."

ಕಾಡಿನ ಗುಡಿಸಲಲ್ಲಿ ಎಲ್ಲಿ ತೂಗುಹಾಕುವುದು ಎಂದು ಯೋಚಿಸುತ್ತ ಕಂಬಳಿಯ ಅಂಗಡಿಗೆ ಹೋದೆ. ಅಲ್ಲಿದ್ದ ಮುದುಕ ಕಂಬಳಿಯ ಮೇಲೆ ಕೈಯಾಡಿಸುತ್ತ, "ನೆಂದ್ರೂ ಬೆಚ್ಚಗಿರ್ತದೆ. ಬೇರೆ ಏನೂ ನೋಡಬ್ಯಾಡಿ" ಎಂದ. ಕಾಳಿಯಪ್ಪ ಹೊದ್ದಿದ್ದೂ ಕಂಬಳಿಯೇ ಎಂದು ಶೆಟ್ಟರು ಹೇಳಿದ್ದು ನೆನಪಾಗಿ ಎದ್ದು ಬಂದೆ.

ಮೂರನೆಯವನು ಪಟ್ಟಾಳದ ಮಾಲಿನ ವ್ಯಾಪಾರಿ. ಅರ್ಧ ತಮಿಳು ಅರ್ಧ ಕನ್ನಡ. ನಾನು ಕೇಳುವ ಮೊದಲೇ ಒಂದು ಕೋಟು ನನಗೆ ತೊಡಿಸಿದ. ಹಸಿರು ಬಣ್ಣ, ಮೊಣಕಾಲು ದಾಟುವ ಉದ್ದ, ಸಾಲು ಗುಂಡಿ, ಸೊಂಟಕ್ಕೆ ಬಿಗಿಯುವ ಪಟ್ಟಿ. ಸುಟ್ಟ ರಬ್ಬರಿನ ವಾಸನೆ. ನನ್ನನ್ನು ಅಂಗಡಿಯ ಮುಂದೆ ಬೀದಿಯಲ್ಲೇ ನಿಲ್ಲಿಸಿ ತಲೆಯ ಮೇಲೆ ಒಂದು ಕೊಡ ನೀರು ಸುರಿದ. ಕಾಲರ್ ಎತ್ತಿಕೊಳ್ಳಬೇಕೆಂದು ಹೇಳಲು ಮರೆತಿದ್ದ. ನೀರು ಕತ್ತಿನಿಂದ ಒಳಗೆ ಇಳಿದು, ಹೊರಗೆ ಬರಲು ದಾರಿ ಕಾಣದೆ ಬಿಗಿದ ಪಟ್ಟಿಯ ಮೇಲೆ ಒಳಗೇ ನಿಂತಿತು. ಸುತ್ತ ಜನ ಸೇರಿದ್ದರು. "ಪಾರ್ತೀಂಗಳಾ, ನೋಡಿದ್ರಾ, ಒಂದ್ ತೊಟ್ಟು ಒಳಗೋಗಿಲ್ಲ!" ಎಂದು ಅವನು ಅವರಿಗೆ ಸಾರುತ್ತಿದ್ದ. ಒದ್ದೆ ಅಂಗಿಯಲ್ಲಿ ನಡುಗುತ್ತಿದ್ದ ನಾನು ತಲೆಯಾಡಿಸಿದೆ. ತಲೆಯಾಡಿಸಿದ್ದೇ ವ್ಯಾಪಾರ ಮುಗಿದಂತಾಯಿತು. ನಿಜ ಹೇಳುವುದಾದರೆ, ಕಾಲರ್ ಎತ್ತಿ ಇನ್ನೊಮ್ಮೆ ಸುರಿಸಿಕೊಂಡಾಗ ಆ ಕೋಟು ಹನಿ ನೀರನ್ನೂ ಒಳಗೆ ಬಿಡಲಿಲ್ಲ. ಹೊಲಿಗೆ ಎಳೆದು ನೋಡಿದೆ, ಕದಲಲಿಲ್ಲ. ಎಲ್ಲರಿಗೂ ಆಗುವಷ್ಟು ಕೋಟು ಮೂಟೆ ಕಟ್ಟಿಸಿದೆ.

ಕಾಮಗೆರೆ

ಹನೂರಿನ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುವಂಥದ್ದು. ಹಿಂದೆ ಒಂದು ದೊಡ್ಡ ಕೊಳವೆಯಂಥ ಒಲೆ. ಕಾಮಗೆರೆಯ ಹತ್ತಿರ ಬೆಂಕಿ ನಂದಿತು. ಅದೇ ಹೊತ್ತಿಗೆ ಮಳೆಯೂ ಬಂತು. ಎಲ್ಲರೂ ಆಸ್ಪತ್ರೆಯ ಜಗಲಿಗೆ ಓಡಿದರು. ನಾನು ಮೂಟೆಯಿಂದ ಒಂದು ಕೋಟು ಎಳೆದು ತೊಟ್ಟು, ಕಾಲರ್ ಎತ್ತಿ, ಗಂಭೀರವಾಗಿ ನಡೆದು ಬಂದೆ.

ಜಗಲಿಯಲ್ಲಿದ್ದವರು ಎದ್ದು ನಿಂತರು. ಒಬ್ಬ ಮುದುಕ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದು ಹತ್ತಿರ ಬಂದ. "ಸಾ, ನಮ್ಮ ಎಮ್ಮ ಕಾಡಿಗೆ ಓಗಿದ್ದು ನಿಜ ಸಾ. ಆದ್ರೆ ಅದು ತಾನಾಗೇ ಓಗದೆ ಸಾ, ನಾನು ಒಡೀಲಿಲ್ಲ."

"ನಾನು ಯಳಂದೂರಿನ ಬಟ್ಟೆ ಅಂಗಡಿಯವನಪ್ಪ" ಎಂದೆ.

"ಆಗ್ಲಿ ಸಾ. ದೊಡ್ಡಿಯಿಂದ ಎಮ್ಮ ಬುಡ್ಸಿಕೊಡಿ ಸಾ."

ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಅಲ್ಲಿದ್ದ ಇನ್ನೊಬ್ಬ, ದೊಡ್ಡ ಅರಣ್ಯಾಧಿಕಾರಿಗಳು ಹೀಗೆಯೇ ವೇಷ ಮರೆಸಿಕೊಂಡು ಬರುತ್ತಾರೆ ಎಂದು ಮುದುಕನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಬಸ್ಸಿನ ಒಲೆ ಹತ್ತಿ, ನಾನು ಹೊರಡುವಾಗ ಮುದುಕ ಕಿಟಕಿಯ ಹತ್ತಿರ ಬಂದು ಕೈ ಮುಗಿದ. ಏನು ಮಾಡಲಿ? "ನೋಡೋಣ" ಎಂದುಬಿಟ್ಟೆ. ನಾನು ಯಾವ ಸರ್ಕಾರದ ಪರವಾಗಿ ಆ ಮಾತು ಕೊಟ್ಟೆನೋ ಈಗಲೂ ತಿಳಿಯದು.

ಹನೂರು

ಪುಟ್ಟತಾಯಕ್ಕ ನನ್ನನ್ನು ಕಂಡು ಬಾಗಿಲಲ್ಲೇ ಅತ್ತಳು. ನಮ್ಮ ಬೀದಿಯಲ್ಲಿ ಯಾರ ಮನೆಯ ಗೋಡೆ ಬಿತ್ತು, ಯಾವ ಹುಡುಗಿಗೆ ಗಂಡು ಗೊತ್ತಾಯಿತು ಎಂದು ಒಂದೊಂದಾಗಿ ಕೇಳಿದಳು. ಮಧ್ಯೆ ಮಧ್ಯೆ ಕೆಲಸದವಳಿಗೆ ತಮಿಳಿನಲ್ಲಿ ಗದರುತ್ತಿದ್ದಳು. ಮತ್ತೆ ನನ್ನ ಕಡೆ ತಿರುಗಿದರೆ ನಮ್ಮೂರಿನದೇ ರಾಗ. ಒಂದೇ ಬಾಯಲ್ಲಿ ಇಬ್ಬರು ಹೆಂಗಸರು ಮಾತಾಡಿದಂತಿತ್ತು.

ಒಣಮೀನಿನ ವಾಸನೆ ಇಡೀ ಮನೆಗೆ ಹತ್ತಿತ್ತು. ನನಗಾಗಿ ಹೊಸ ಮಡಕೆ ತರಿಸಿ ಹಿತ್ತಲಲ್ಲಿ ಬೇರೆ ಒಲೆ ಹೂಡಿ ಅನ್ನ, ಹುರುಳಿ ಸಾರು ಮಾಡಿದಳು. ಬಡಿಸುತ್ತ, "ಶಿವಪ್ಪ, ಆ ಕೋಟು ಮಳ ತಡೀತದಾ?" ಎಂದಳು.

"ತಡೀತದಕ್ಕ."

"ತಡುದ್ರೆ ಸಾಕಪ್ಪ. ಓದ್ ಸಲ ಆ ಎಂಗ್ಸು ಇಲ್ಲೇ ಬಂದು ಕುಂತಿದ್ಲು, ಗಂಡನ್ನ ಆಸ್ಪತ್ರೆಗೆ ಸೇರ್ಸಾಕೆ ಗಾಡಿ ಕೇಳ್ಕಂಡು. ಗಾಡಿ ಓಯ್ತು. ಅವ ಉಳೀಲಿಲ್ಲ." ಅವಳು ಎದ್ದು ಒಳಗೆ ಹೋದಳು. ಅಲ್ಲಿಯವರೆಗೆ ಇದೊಂದು ವ್ಯಾಪಾರ, ಜೊತೆಗೊಂದು ತಿರುಗಾಟ ಎಂದುಕೊಂಡಿದ್ದೆ.

ಅಜ್ಜೀಪುರದಾಚೆ

ಅಜ್ಜೀಪುರದವರೆಗೆ ಹೊಲಗಳಿದ್ದವು. ಆಮೇಲೆ ಕಾಡು. ಶೆಟ್ಟರೂ ನಾನೂ ಗಾಡಿಯಲ್ಲಿ ಮೂಟೆಯ ಮೇಲೆ ಕೂತಿದ್ದೆವು. ದಾರಿಗೆ ಬಾಗಿದ ಸೀಗೆಯ ಮುಳ್ಳು ನನ್ನ ಕೋಟಿನ ತೋಳಿಗೆ ಸಿಕ್ಕಿಕೊಂಡಿತು. ಎಳೆದರೆ ಕೋಟು ಹರಿಯಲಿಲ್ಲ, ಮುಳ್ಳಿನ ಕೊಂಬೆಯೇ ಮುರಿಯಿತು. ಶೆಟ್ಟರು ತಿರುಗಿ ನೋಡಿ, "ಪರವಾಯಿಲ್ಲ ಕಣ್ರಿ, ಗಟ್ಟಿ ಮಾಲು!" ಎಂದು ತೊಡೆ ತಟ್ಟಿದರು. ನನಗೂ ಜೀವ ಬಂದಂತಾಯಿತು. ಈ ದಾರಿಯಲ್ಲಿ ಸಿಕ್ಕ ಜನರು ನಮ್ಮನ್ನು ಮೊದಲು ತಮಿಳಿನಲ್ಲಿ ಮಾತಾಡಿಸಿ, ನಾನು ಬೆಪ್ಪಾಗಿ ನೋಡಿದ ಮೇಲೆ ಕನ್ನಡಕ್ಕೆ ಬರುತ್ತಿದ್ದರು. ದಾರಿ ಎಷ್ಟಿದೆ ಎಂದು ಕೇಳಿದವರೆಲ್ಲರೂ "ಇಲ್ಲೇ" ಎಂದರು. ಆ "ಇಲ್ಲೇ" ಮುಗಿಯುವ ಹೊತ್ತಿಗೆ ಎತ್ತುಗಳ ನಾಲಗೆ ಹೊರಗೆ ಬಂದಿತ್ತು.

ಗೋಪಿನಾಥಂ

ಹೊಳೆ ಎಂದರೆ ನನಗೆ ಗೊತ್ತಿದ್ದುದು ನಮ್ಮ ಸುವರ್ಣಾವತಿ. ಬೇಸಿಗೆಯಲ್ಲಿ ಪಂಚೆ ಎತ್ತಿ ಕಟ್ಟಿ ದಾಟಬಹುದು. ಇಲ್ಲಿ ಕಾವೇರಿ ಮೆಟ್ಟೂರು ಅಣೆಕಟ್ಟೆಯ ಹಿನ್ನೀರಿನೊಂದಿಗೆ ಸೇರಿ ಬೆಟ್ಟದಿಂದ ಬೆಟ್ಟಕ್ಕೆ ಹರಡಿತ್ತು. ಹರಿಯುತ್ತಿದೆಯೋ ನಿಂತಿದೆಯೋ ಹೇಳುವಂತಿರಲಿಲ್ಲ. ಅಲ್ಲಿನವರು ಪರಿಸಲು ಎನ್ನುವ, ಚರ್ಮ ಹೊದಿಸಿದ ಹರಿಗೋಲುಗಳನ್ನು ದಡದಲ್ಲಿ ಆಮೆಗಳಂತೆ ಬೋರಲು ಹಾಕಿದ್ದರು.

ಚಿನ್ನತಾಯಿ ಸೀರೆಯ ಮೇಲೆ ಗಂಡಸಿನ ಅಂಗಿ ತೊಟ್ಟಿದ್ದಳು. ಕಾಳಿಯಪ್ಪನದೇ ಇರಬೇಕು. ಕೋಟನ್ನು ಕೈಗೆ ಕೊಟ್ಟಾಗ ಹಿಂದೆ ಮುಂದೆ ತಿರುಗಿಸಿ, ಮೂಸಿ, ಮುಖ ಕಿವುಚಿದಳು. ಗಂಡಸರು ಆಗಲೇ ಒಂದೊಂದು ತೊಟ್ಟು ಒಬ್ಬರನ್ನೊಬ್ಬರು ನೋಡಿ ಸಲಾಮು ಹೊಡೆಯುತ್ತಿದ್ದರು. ಅವಳೊಬ್ಬಳು ಹಾಕಿಕೊಳ್ಳಲಿಲ್ಲ.

"ನೀವು ಆಕ್ಕಂಡು ನಮ್ ಪರಿಸಲಲ್ಲಿ ಬನ್ನಿ ಸಾಮಿ. ಮಳ ಬತ್ತಾ ಅದೆ. ನೀವು ನೆನೀದಂಗೆ ಬಂದ್ರೆ ನಾನೂ ಆಕ್ಕತೀನಿ."

ಶೆಟ್ಟರು ನನ್ನ ಮುಖ ನೋಡಿದರು. ಒಲ್ಲೆ ಎಂದರೆ ನನ್ನ ಮಾಲಿನ ಮೇಲೆ ನನಗೇ ನಂಬಿಕೆ ಇಲ್ಲವೆಂದಾಗುತ್ತದೆ. ಹತ್ತಿದೆ. ಎಲ್ಲ ಗುಂಡಿ ಹಾಕಿಕೊಂಡು, ಪಟ್ಟಿ ಬಿಗಿದು, ಕಾಲರ್ ಎತ್ತಿ, ಹರಿಗೋಲಿನ ನಡುವೆ ಕೂತೆ. ಹುಟ್ಟು ಹಾಕುವವಳು ಚಿನ್ನತಾಯಿ, ಬಲೆ ಎಳೆಯುವವನು ಮುನಿಸಾಮಿ ಎಂಬ ಗಟ್ಟಿ ಆಳು. ಅವನೂ ಕೋಟನ್ನು ತೊಟ್ಟು ಬಂದಿದ್ದವನು, ತೋಳು ಬಿಗಿಯಾಗುತ್ತದೆಂದು ಬಲೆ ಎಳೆಯುವ ಮೊದಲು ಬಿಚ್ಚಿ ಕಾಲಡಿ ಹಾಕಿಕೊಂಡ.

ಮಳೆ ಹೊಯ್ಯಿತು. ಅಂಥ ಮಳೆಯಲ್ಲಿ ನಾನು ಬೆಚ್ಚಗೆ ಕೂತಿದ್ದೆ. ಕೋಟಿನ ಮೇಲೆ ಹನಿಗಳು ಕಡಲೆ ಹುರಿದಂತೆ ಸದ್ದು ಮಾಡುತ್ತಿದ್ದವು, ಒಳಗೆ ನನ್ನ ಅಂಗಿ ಒಣಗಿಯೇ ಇತ್ತು. ಎದುರಿಗೆ ಚಿನ್ನತಾಯಿಯ ಕೂದಲಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಕತ್ತಿನ ಹತ್ತಿರ ಕೈ ಹಾಕಿ ತೋರಿಸಿ, "ನೋಡಮ್ಮ, ಒಣಗೈತೆ" ಎಂದೆ. ಅವಳು ಮೊದಲ ಸಲ ನಕ್ಕಳು. ನನ್ನ ಆಯ್ಕೆ ಸರಿಯಾಯಿತು ಎಂದು ನನಗೆ ಖಚಿತವಾಗಿದ್ದುದು ಆ ಪ್ರಯಾಣದಲ್ಲೆಲ್ಲ ಆ ಒಂದೇ ಗಳಿಗೆ.

ಮುನಿಸಾಮಿ ಬಲೆ ಎತ್ತಿದ. ಅದರೊಳಗಿಂದ ತೋಳುದ್ದದ ಮೀನೊಂದು ಚಿಮ್ಮಿ ನೇರವಾಗಿ ನನ್ನ ಮಡಿಲಿಗೆ ಬಿತ್ತು. ಹುಟ್ಟಿದಂದಿನಿಂದ ಮೀನು ಮುಟ್ಟದವನು ನಾನು. ಅದು ಬಾಯಿ ತೆರೆದು ನನ್ನ ಹೊಟ್ಟೆಗೆ ಬಾಲ ಬಡಿಯಿತು. ಹರಿಗೋಲಿನಲ್ಲಿ ಎದ್ದು ನಿಲ್ಲಬಾರದೆಂದು ನನಗೆ ಹೇಳಿದ್ದರು. ಎದ್ದು ನಿಂತೆ. ಎದ್ದು ಹಿಂದಕ್ಕೂ ಸರಿದೆ.

ಆಮೇಲಿನದು ಸರಿಯಾಗಿ ನೆನಪಿಲ್ಲ. ತಣ್ಣೀರು ಕತ್ತಿನಿಂದ, ತೋಳಿನಿಂದ ಒಳಗೆ ನುಗ್ಗಿತು. ಕೊಳ್ಳೇಗಾಲದ ಬೀದಿಯಲ್ಲಿ ನಡೆದ ಹಾಗೆಯೇ ಒಳಗೆ ಬಂದ ನೀರು ಹೊರಗೆ ಹೋಗಲಿಲ್ಲ. ಯಾರೋ ನನ್ನನ್ನು ಎರಡೂ ಕಡೆಯಿಂದ ಹಿಡಿದು ಕೆಳಗೆ ಎಳೆಯುತ್ತಿದ್ದಾರೆ ಅನಿಸಿತು. ಗುಂಡಿಗೆ ಕೈ ಹಾಕಿದೆ. ಒದ್ದೆ ರಬ್ಬರು ಗುಂಡಿಯನ್ನು ಕಚ್ಚಿ ಹಿಡಿದಿತ್ತು. ಆಕಾಶ ಯಾವ ಕಡೆ, ತಳ ಯಾವ ಕಡೆ ತಿಳಿಯಲಿಲ್ಲ. ಒಂದು ಕೈ ನನ್ನ ಕಾಲರ್ ಹಿಡಿಯಿತು. ಚಿನ್ನತಾಯಿ ಕಾಲರ್ ಬಿಡದೆ ಬೋರಲಾದ ಹರಿಗೋಲಿಗೆ ಇನ್ನೊಂದು ಕೈಯಲ್ಲಿ ಜೋತುಬಿದ್ದಿದ್ದಳಂತೆ. ಮುನಿಸಾಮಿ ಅದನ್ನು ತಳ್ಳುತ್ತ ತಳ್ಳುತ್ತ ಬಂಡೆಯ ಹತ್ತಿರ ತಂದನಂತೆ. ನನ್ನನ್ನು ಮಗ್ಗುಲಾಗಿಸಿದಾಗ ಕೋಟಿನಿಂದ ಸುರಿದ ನೀರು ನೋಡಿ ದಡದವರು ಕೂಗಿಕೊಂಡರಂತೆ. ಎಲ್ಲವೂ ಅಂತೆ. ನಾನು ಕಣ್ಣು ಬಿಟ್ಟಾಗ ಗುಡಿಸಲಿನ ಬೆಂಕಿಯ ಮುಂದೆ ಕಂಬಳಿಯಲ್ಲಿದ್ದೆ. ಒಂದು ಚಟ್ಟಿಯಲ್ಲಿ ಬಿಸಿಬಿಸಿಯಾಗಿ ಏನನ್ನೋ ಕುಡಿಸಿದರು. ಮೆಣಸಿನ ಖಾರ ಎದೆಗೆ ಇಳಿದು ಜೀವ ಮರಳಿತು. ಅದು ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಾರನೆಯ ದಿನ

ಬೆಳಿಗ್ಗೆ ಎಲ್ಲರೂ ಬಂಡೆಯ ಮೇಲೆ ಕೂತು ಕೋಟಿನ ವಿಚಾರ ತೆಗೆದರು.

"ಇದು ಬೇಡ. ಹಾಕಿಕೊಂಡವರು ಮುಳುಗುತ್ತಾರೆ" ಎಂದೆ.

ಮುನಿಸಾಮಿ ಒಪ್ಪಲಿಲ್ಲ. "ನಿಮಗೆ ಈಜಾಕೆ ಬರಾಕಿಲ್ಲ ಸಾಮಿ. ಕೋಟು ಏನ್ ಮಾಡ್ತದೆ ಅದಕ್ಕೆ?"

ಅದೂ ಸರಿ ಎನಿಸಿತು. ಕೋಟಿಲ್ಲದೆ ಬಿದ್ದಿದ್ದರೂ ನಾನು ಮುಳುಗುತ್ತಿದ್ದೆ. ಹಾಗಾದರೆ ತಪ್ಪು ಕೋಟಿನದೋ, ನನ್ನದೋ, ಮೀನಿನದೋ? ಶೆಟ್ಟರು, "ಅದನ್ನೇ ನಾನೂ ಏಳಾದು" ಎಂದು ಉತ್ಸಾಹದಿಂದ ಎದ್ದರು. ಕಡೆಗೆ ಮುನಿಸಾಮಿಯೇ, ನೋಡಿಯೇ ಬಿಡೋಣ ಎಂದು ಗುಂಡಿ ಹಾಕಿದ ಕೋಟಿನಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆಯಿಂದ ಧುಮುಕಿದ. ಊರಿನಲ್ಲೇ ಒಳ್ಳೆಯ ಈಜುಗಾರನಂತೆ. ತಲೆ ಒಮ್ಮೆ ಮೇಲೆ ಬಂತು, ಕೈ ಒಮ್ಮೆ ಮೇಲೆ ಬಂತು, ಆಮೇಲೆ ಏನೂ ಬರಲಿಲ್ಲ. ಹಗ್ಗ ಹಿಡಿದವರೆಲ್ಲ ಸೇರಿ ಎಳೆದರು. ಬಂಡೆಯ ಮೇಲೆ ಕೆಮ್ಮುತ್ತ ಕೂತವನು ಗುಂಡಿ ಬಿಚ್ಚಲು ಪಕ್ಕದವನಿಗೆ ಸನ್ನೆ ಮಾಡಿದ.

ಮತ್ತೆ ಮೋಡ ಕವಿಯುತ್ತಿತ್ತು. ಚಿನ್ನತಾಯಿ ನನ್ನ ಮುಂದೆ ಬಂದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕಂಬ್ಳಿ ಒದ್ಕಂಡು ನೆಂದು ಸಾಯಾದಾ, ಕೋಟಾಕ್ಕಂಡು ಮುಳುಗಿ ಸಾಯಾದಾ? ಆರ್ಸಾಕೆ ಬಂದೋರು ನೀವು. ಒಂದ ಆರಿಸ್ಕೊಡಿ ಸಾಮಿ."

ಕೋಟನ್ನು ಬಂಡೆಯ ಮೇಲೆ ಹರಡಿಕೊಂಡು ಅದರ ಮುಂದೆ ಕೂತೆ. ತೋಳು, ಗುಂಡಿ, ಪಟ್ಟಿ. ನಿನ್ನೆ ನನ್ನನ್ನು ಹಿಡಿದದ್ದು ಇವೇ. ಬಟ್ಟೆ ಅಂಗಡಿಯವನ ಚೀಲದಲ್ಲಿ ಕತ್ತರಿ ಇದ್ದೇ ಇರುತ್ತದೆ. ಸರಿಯೋ ತಪ್ಪೋ ಎಂದು ಯೋಚಿಸಿದರೆ ಕೈ ನಿಂತೀತೆಂದು ಯೋಚಿಸದೆ ಕತ್ತರಿಸಿದೆ. ಮೊದಲು ಎರಡೂ ತೋಳು. ಆಮೇಲೆ ಗುಂಡಿಗಳ ಸಾಲು. ಆಮೇಲೆ ಸೊಂಟದ ಪಟ್ಟಿ. ಉದ್ದವನ್ನು ಮೊಣಕಾಲಿನ ಮೇಲಕ್ಕೆ ತಂದೆ.

"ಏನ್ ಮಾಡ್ತಾ ಇದ್ದೀರಿ ಶಿವಪ್ನೋರೆ! ಒಳ್ಳೆ ಮಾಲು!" ಶೆಟ್ಟರು ಬಂದು ನನ್ನ ಮಣಿಕಟ್ಟು ಹಿಡಿದರು.

"ಬಿಡಿ ಶೆಟ್ರೆ. ಇಷ್ಟು ಒಳ್ಳೆ ಮಾಲು ಆಗಬಾರದಿತ್ತು ಇದು."

ಅವರು ಕೈ ಬಿಟ್ಟರು. ನಾನು ಮಿಕ್ಕಿದ್ದನ್ನು ಹೆಗಲ ಮೇಲೆ ಹೊದೆಯುವ ಹಾಗೆ ಮಾಡಿ, ಕತ್ತಿನ ಹತ್ತಿರ ಪಂಚೆಯ ಅಂಚು ಹರಿದು ಮಾಡಿದ ಲಾಡಿ ಹೊಲಿದೆ. ಗಂಟು ಎಂಥದ್ದೆಂದರೆ, ತುದಿ ಎಳೆದರೆ ಬಿಚ್ಚಿಕೊಳ್ಳಬೇಕು. ಬದಿಗಳಲ್ಲಿ ಮಳೆ ಒಳಗೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಬೆನ್ನು, ಎದೆ, ಹೆಗಲು ಒಣಗಿದ್ದರೆ ಸಾಕೇ? ಸಾಕೋ ಇಲ್ಲವೋ, ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಚಿನ್ನತಾಯಿ ಅದನ್ನು ಹೊದ್ದು, ಯಾರಿಗೂ ಹೇಳದೆ ನಡೆದು ಹೋಗಿ ಹೊಳೆಗೆ ಹಾರಿದಳು. ಹಗ್ಗ ಕಟ್ಟಿಕೊಂಡಿರಲಿಲ್ಲ. ಮುನಿಸಾಮಿ ಕೂಗುತ್ತ ಎದ್ದ. ನಾನು ಕತ್ತರಿ ಹಿಡಿದುಕೊಂಡೇ ನಿಂತೆ. ನೀರಿನ ಮೇಲೆ ಮೊದಲು ಕಂಡದ್ದು ಹಸಿರು ರಬ್ಬರು ಮಾತ್ರ. ಅದು ಒಂಟಿಯಾಗಿ ತೇಲುತ್ತಿತ್ತು. ಆಮೇಲೆ, ಬಹಳ ಆಚೆ, ಅವಳ ತಲೆ ಬಂತು. ಬಾಯಿಂದ ನೀರು ಉಗುಳಿ, "ಬುಟ್ಬುಡ್ತು ಸಾಮಿ! ತಾನೇ ಬುಟ್ಬುಡ್ತು!" ಎಂದು ಕೂಗಿದಳು.

ಆ ದಿನವೆಲ್ಲ ಮಿಕ್ಕ ಕೋಟುಗಳನ್ನು ಕತ್ತರಿಸಿದೆ. ಶೆಟ್ಟರು ಸ್ವಲ್ಪ ಹೊತ್ತು ಮುಖ ತಿರುಗಿಸಿ ಕೂತಿದ್ದರು. ಆಮೇಲೆ ಅವರೇ ಬಂದು ಬಟ್ಟೆಯ ಇನ್ನೊಂದು ಕೊನೆ ಹಿಡಿದುಕೊಂಡರು. ಕತ್ತರಿಸಿ ಬಿದ್ದ ತೋಳುಗಳನ್ನು ಹೆಂಗಸರು ಆರಿಸಿಕೊಂಡು ಹೋದರು, ಉಪ್ಪು ಒದ್ದೆಯಾಗದಂತೆ ಕಟ್ಟಿಡಲಂತೆ.

ನಾನು ಹೊರಟ ಬೆಳಿಗ್ಗೆ ಮಳೆ ಹಿಡಿದುಕೊಂಡಿತ್ತು. ಗಾಡಿ ಏರು ಹತ್ತುವಾಗ ತಿರುಗಿ ನೋಡಿದೆ. ಬೂದು ನೀರಿನ ಮೇಲೆ ಹರಿಗೋಲುಗಳು ಹರಡಿದ್ದವು. ಒಂದೊಂದರಲ್ಲೂ ಹಸಿರು ಹೊದ್ದು ಬಾಗಿದ ಒಬ್ಬೊಬ್ಬರು. ಗಂಡಸೋ ಹೆಂಗಸೋ ಅಷ್ಟು ದೂರದಿಂದ ಗೊತ್ತಾಗುತ್ತಿರಲಿಲ್ಲ. ಅವುಗಳಲ್ಲಿ ಯಾವುದೋ ಒಂದರಿಂದ ಕೈಯೊಂದು ಮೇಲೆದ್ದು ಬೀಸಿತು. ನನ್ನ ಕಡೆಗೋ, ಇನ್ನೊಂದು ಹರಿಗೋಲಿನವರ ಕಡೆಗೋ ತಿಳಿಯಲಿಲ್ಲ. ನಾನು ಗಾಡಿಯಲ್ಲಿ ಎದ್ದು ನಿಂತು, ಅವರೆಲ್ಲರಿಗೂ ಕಾಣುವಂತೆ, ಮಳೆಯಲ್ಲಿ ನೆನೆಯುತ್ತ ಕೈ ಬೀಸಿದೆ.